ಆಯುಷ್ಯ ನುಡಿಯುವ ತಂತ್ರಾಂಶ ಮಹಾಶಯರಿಗೆ

ಜೀವನ್ ಬಿಮಾ ನಗರ,
ಬೆಂಗಳೂರು

ಸನ್ಮಾನ್ಯ ರೋಗನಿದಾನ ತಂತ್ರಾಂಶ ಮಹಾಶಯರೆ,

ಯಂತ್ರಗಳ ನಾಡಿ ಹಿಡಿದು ಆಯುಷ್ಯ ನುಡಿಯುವ ವಿದ್ಯೆಯಲ್ಲಿ ತಾವು ಪಾರಂಗತರೆಂದು ತಾವೇ ಸಾರಿಕೊಂಡಿರುವುದರಿಂದಲೂ, ನನ್ನ ಮೇಜಿನ ಮೇಲಿನ ಕಂಪ್ಯೂಟರು ಇನ್ನೇನು ಪ್ರಾಣ ಬಿಡಲಿದೆಯೆಂದು ಪ್ರತಿದಿನ ಪ್ರಾತಃಕಾಲದಲ್ಲಿ ಕೆಂಪಕ್ಷರಗಳಿಂದ ಎಚ್ಚರಿಸುತ್ತ ಬಂದಿರುವುದರಿಂದಲೂ, ಆ ಯಂತ್ರವಾದರೋ ತಮ್ಮ ಮಾತನ್ನು ಕಿಂಚಿತ್ತೂ ಲಕ್ಷಿಸದೆ ಈ ಪತ್ರವನ್ನೇ ನನ್ನಿಂದ ಬರೆಸಿಕೊಳ್ಳುತ್ತಿರುವುದರಿಂದಲೂ, ತಮ್ಮಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳುವುದು ಅನಿವಾರ್ಯವಾಗಿದೆ.

ಮೊದಲು ಉಷ್ಣದ ವಿಚಾರ. ಯಂತ್ರದ ಗರ್ಭದಲ್ಲಿ ಎಲ್ಲಿಯೋ ಒಂದೆಡೆ 127 ಡಿಗ್ರಿ ಸೆಲ್ಸಿಯಸ್ ಇದೆಯೆಂದು ತಾವು ತೋರಿಸುತ್ತೀರಿ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ, ತಮ್ಮ ಲೆಕ್ಕದಂತೆ ನಾನು ಪೆಟ್ಟಿಗೆಯೊಳಗೇ ಡಿಕಾಕ್ಷನ್ ಇಳಿಸಿಕೊಳ್ಳಬಹುದಾಗಿತ್ತು. ಪ್ರಾಸೆಸರು 100 ಡಿಗ್ರಿಯ ಸಮೀಪಕ್ಕೆ ಬಂದೊಡನೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುದೆಂಬುದು ತಮಗೆ ತಿಳಿಯದ ಸಂಗತಿಯೇನಲ್ಲ. ಸತ್ಯವಿಷ್ಟೆ: ಮದರ್‌ಬೋರ್ಡಿನ ತಯಾರಕರು ಆ ಸ್ಥಾನಕ್ಕೆ ಉಷ್ಣಮಾಪಕವನ್ನೇ ಜೋಡಿಸಿಲ್ಲ, ಬರಿದಾದ ಆ ತಂತಿಯಿಂದ, ಎಂಟು ಬಿಟ್ಟುಗಳಲ್ಲಿ ಚಿಹ್ನೆಸಹಿತವಾಗಿ ಬರೆಯಬಹುದಾದ ಅತಿದೊಡ್ಡ ಸಂಖ್ಯೆಯಾದ 127 ಹೊರಬೀಳುತ್ತದೆ, ಇಲ್ಲದ ಅಂಗಕ್ಕೆ ತಾವು ಜ್ವರ ಕಂಡುಹಿಡಿಯುತ್ತೀರಿ. 12 ವೋಲ್ಟಿನ ತಂತಿಯಲ್ಲಿ 8 ವೋಲ್ಟ್ ಮಾತ್ರ ಇದೆಯೆಂಬ ವಿಲಾಪವೂ ಇದೇ ಜಾತಿಯದು. ಅಳೆಯುವ ಚಿಪ್ಪಿಗೆ ಅಷ್ಟು ವೋಲ್ಟೇಜನ್ನು ನೇರವಾಗಿ ತಾಳಿಕೊಳ್ಳುವ ಶಕ್ತಿಯಿಲ್ಲದೆ ರೆಸಿಸ್ಟರುಗಳಿಂದ ಅದನ್ನು ಭಾಗಿಸಿ ಕೊಡುತ್ತಾರೆ, ಭಾಗದ ಪ್ರಮಾಣ ಬೋರ್ಡಿನಿಂದ ಬೋರ್ಡಿಗೆ ಬೇರೆ, ತಾವದನ್ನು ಊಹಿಸುತ್ತೀರಿ. ನಿಜವಾಗಿ 8 ವೋಲ್ಟ್ ಆಗಿದ್ದರೆ ತಮ್ಮ ಕೆಂಪಕ್ಷರಗಳನ್ನು ತೋರಿಸಲು ಯಂತ್ರವೇ ಎದ್ದಿರುತ್ತಿರಲಿಲ್ಲ.

ಹಾರ್ಡ್ ಡಿಸ್ಕಿನ ವಿಷಯಕ್ಕೆ ಬಂದರೆ ತಮ್ಮ ಪಾಂಡಿತ್ಯ ಇನ್ನೂ ಗಹನವಾದುದು. ‘ರಾ ರೀಡ್ ಎರರ್ ರೇಟ್’ ಎಂಬ ಮನೆಯಲ್ಲಿ ಕೋಟಿಗಟ್ಟಲೆ ಸಂಖ್ಯೆಯನ್ನು ಕಂಡು ತಾವು ಎದೆ ಬಡಿದುಕೊಂಡಿರಿ. ಸೀಗೇಟ್ ಡಿಸ್ಕುಗಳಲ್ಲಿ ಈ 48 ಬಿಟ್ಟುಗಳ ಸಂಖ್ಯೆಯ ಕೆಳಗಿನ 32 ಬಿಟ್ಟು ಓದಿದ ಸಲಗಳ ಲೆಕ್ಕ, ಮೇಲಿನ 16 ಮಾತ್ರ ತಪ್ಪುಗಳದು. ಡಿಸ್ಕು ದುಡಿದಷ್ಟನ್ನೂ ತಾವು ಅದರ ಅಪರಾಧಗಳ ಪಟ್ಟಿಗೆ ಸೇರಿಸಿದಿರಿ. ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಅದನ್ನು ಹೊತ್ತೊಯ್ದಾಗ, ಅಲ್ಲಿಯ ಹುಡುಗನು ತಮ್ಮ ವರದಿಯತ್ತ ಕಣ್ಣನ್ನೂ ಹಾಯಿಸದೆ, “ಡಿಸ್ಕ್ ಚೆನ್ನಾಗೇ ಇದೆ ಸಾರ್, ಕೇಬಲ್ ಲೂಸು” ಎಂದು ಹೇಳಿ ಬೇರೊಂದು ಕೇಬಲ್ ಹಾಕಿಕೊಟ್ಟನು. ಆದರೂ ತಮಗೆ ಸಮಾಧಾನವಿಲ್ಲ. ಏಕೆಂದರೆ 199ನೆಯ ಅಂಕಣದಲ್ಲಿ ಕೇಬಲಿನ ದೋಷದಿಂದ ಒಮ್ಮೆ ಏರಿದ ಎಣಿಕೆಯು ಕೇಬಲನ್ನು ಬದಲಿಸಿದ ಮಾತ್ರಕ್ಕೆ ಇಳಿಯುವುದಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ಕೂಡ ಪಾಪಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸಿದ್ದಾರೆ. ತಮ್ಮ ಸಂಹಿತೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ವಿಮಾ ನಿಗಮದ ಕಾಲೊನಿಯಿರುವ ಬಡಾವಣೆಯಲ್ಲಿ ವಾಸಿಸುವವನಾದ್ದರಿಂದ ಇನ್ನೊಂದು ಮಾತು. ವಿಮೆಯವರೂ ಮರಣವನ್ನು ಲೆಕ್ಕ ಹಾಕುತ್ತಾರೆ. ಆದರೆ ಲಕ್ಷ ಜನರಲ್ಲಿ ಇಷ್ಟು ಮಂದಿ ಎಂದು ಹೇಳುವರೇ ಹೊರತು, ಬಾಗಿಲು ತಟ್ಟಿ “ಸ್ವಾಮಿ, ಬುಧವಾರ ತಮ್ಮ ಸರದಿ” ಎನ್ನುವುದಿಲ್ಲ. ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ ಗೂಗಲ್ ಸಂಸ್ಥೆಯ ಪಿನ್ಹೇರೊ, ವೆಬರ್, ಬರೋಸೊ ಎಂಬ ಮೂವರು 2007ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವೂ ಇದೇ: ಸತ್ತ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಮುಖ್ಯವೆನಿಸಿದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಸತ್ತಿದ್ದವು; ಆದ್ದರಿಂದ ಸಮೂಹದ ಗತಿಯನ್ನು ತಿಳಿಯಲು ಈ ಲಕ್ಷಣಗಳು ನೆರವಾದಾವೇ ಹೊರತು, ಇವುಗಳಿಂದಲೇ ಒಂದೊಂದು ಡಿಸ್ಕಿನ ಹಣೆಬರಹವನ್ನು ಓದಲಾಗದು. ಹಾಗೆಂದು ಎಲ್ಲ ಎಚ್ಚರಿಕೆಯೂ ಹುಸಿಯಲ್ಲ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವವು ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚೆಂದು ಅವರೇ ಬರೆದಿದ್ದಾರೆ. ತಮ್ಮ ವರದಿಯಲ್ಲಿ ಈ ಲಕ್ಷಣವೂ ಜೋಡಿಸದ ಉಷ್ಣಮಾಪಕದ ಜ್ವರವೂ ಒಂದೇ ಕೆಂಪಿನಲ್ಲಿ, ಒಂದೇ ಗಾತ್ರದಲ್ಲಿ, ಕೊಳ್ಳಿರಿ ಎಂಬ ಒಂದೇ ಗುಂಡಿಯ ಮೇಲೆ ಕುಳಿತಿವೆ.

ಆ ಗುಂಡಿಯನ್ನು ಕಂಡಾಗ ತಮ್ಮ ಬಂಧುವರ್ಗದ ನೆನಪಾಗುತ್ತದೆ. ಅಮೆರಿಕದಲ್ಲಿ ಆಫೀಸ್ ಡಿಪೋ ಅಂಗಡಿಗಳಲ್ಲಿ ನಡೆಯುತ್ತಿದ್ದ ‘ಪಿಸಿ ಹೆಲ್ತ್ ಚೆಕ್’ ಎಂಬ ತಪಾಸಣೆಯು, ಗಿರಾಕಿಯು ಆರಂಭದ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದೆಂದರೂ ಸಾಕು, ರೋಗಲಕ್ಷಣವಿದೆಯೆಂದು ತೋರಿಸುತ್ತಿತ್ತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ಆ ಕಂಪೆನಿಯೂ ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಕಂಪೆನಿಯೂ ಸೇರಿ 3.5 ಕೋಟಿ ಡಾಲರು ತೆರಲು ಒಪ್ಪಿದವು. ತಾವು ಪ್ರಶ್ನೆಯನ್ನೂ ಕೇಳುವುದಿಲ್ಲ. ಅಷ್ಟರಮಟ್ಟಿಗೆ ವಿದ್ಯೆ ಮುಂದುವರಿದಿದೆ.

ಆದುದರಿಂದ ಒಂದು ಕರಾರನ್ನು ಮುಂದಿಡುತ್ತೇನೆ. ತಾವು ಹೇಳಿದ ಗಡುವಿನೊಳಗೆ ಡಿಸ್ಕು ಸತ್ತರೆ ತಮ್ಮ ‘ಪ್ರೊ’ ಆವೃತ್ತಿಯ ಬೆಲೆಯನ್ನು ನಾನು ಮರುಮಾತಿಲ್ಲದೆ ಪಾವತಿ ಮಾಡತಕ್ಕದ್ದು. ಬದುಕಿದರೆ ಅಷ್ಟೇ ಮೊತ್ತವನ್ನು ತಾವು ನನಗೆ ತೆರತಕ್ಕದ್ದು. ಪಾಲಿಸಿಯನ್ನು ಬರೆದುಕೊಡಬಲ್ಲ ನಿವೃತ್ತ ಅಧಿಕಾರಿಗಳಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ. ‘ಹಿಂದಿನ ಕಾಯಿಲೆಗಳು’ ಎಂಬ ಕಲಮಿನಲ್ಲಿ ಬದಲಾಯಿಸಿದ ಕೇಬಲನ್ನು ಮುಚ್ಚಿಡದೆ ನಮೂದಿಸುತ್ತೇನೆ.

ಇತಿ,
ತಮ್ಮ ಉಚಿತ ಆವೃತ್ತಿಯ ವಿಧೇಯ ಬಳಕೆದಾರ