ಆನೆ ಗಾತ್ರದ ಜೇಡ

ಕಥಾನಾಯಕ ಕತ್ತಲ ಕಾಡು ಹೊಕ್ಕನೆಂದರೆ ಸಾಕು, ಮೇಲಿಂದ ಒಂದು ದೈತ್ಯ ಜೇಡ ಇಳಿಯಲೇಬೇಕು. ಈ ಸಂಪ್ರದಾಯದಲ್ಲಿ ದೊಡ್ಡ ಪಾಲು ಟೋಲ್ಕಿನ್ ಸಾಹೇಬರದು. 1937ರ ‘ದಿ ಹಾಬಿಟ್’ನಲ್ಲಿ ಅವರು ಜೇಡಗಳ ದಂಡನ್ನೇ ಇಳಿಸಿದರು. ಮಗ ಮೈಕೇಲನಿಗೆ ಜೇಡವೆಂದರೆ ಜೀವಭಯ. ಅವನನ್ನು ಚೆನ್ನಾಗಿ ಹೆದರಿಸಲೆಂದೇ ಬರೆದದ್ದಂತೆ. ಎಂಥಾ ಅಪ್ಪ ನೋಡಿ! ಆ ಜೇಡಗಳು ಕುಳ್ಳರನ್ನು ನೂಲಲ್ಲಿ ಸುತ್ತಿ, ಕೊಂಬೆಗೆ ನೇತುಹಾಕಿ, ಈಗಲೇ ತಿನ್ನೋಣವೋ ಇನ್ನಷ್ಟು ಹೊತ್ತು ಬಿಡೋಣವೋ ಎಂದು ಹರಟುತ್ತವೆ. ಕಥಾನಾಯಕ ಬಿಲ್ಬೊ ಒಂದು ಬೈಗುಳದ ಹಾಡು ಹಾಡಿದ್ದೇ ತಡ, ಎದುರಿಗಿದ್ದ ಊಟ ಬಿಟ್ಟು ಅವನ ಬೆನ್ನು ಹತ್ತುತ್ತವೆ. ಕಾಲು ಎಂಟಿದ್ದರೇನು, ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಹ್ಯಾರಿ ಪಾಟರ್‌ನ ಜೇಡ ಅರಗಾಗ್ ಹಾಗಲ್ಲ, ಮರ್ಯಾದಸ್ಥ. ಸಾಕಿದ ಹ್ಯಾಗ್ರಿಡ್‌ನ ತಂಟೆಗೆ ಹೋಗಕೂಡದೆಂದು ಮಕ್ಕಳಿಗೆ ಕಟ್ಟಪ್ಪಣೆ. ಹ್ಯಾಗ್ರಿಡ್‌ನ ಸ್ನೇಹಿತರು ಬಂದರೆ? ಪಾಪ, ಮಕ್ಕಳು ಹಸಿದಿವೆಯಲ್ಲ!

ನಿಜದಲ್ಲಿ ದಕ್ಷಿಣ ಅಮೆರಿಕದ ದೈತ್ಯ ಗೋಲಿಯಾತ್ ಜೇಡ ಕಾಲು ಚಾಚಿದರೂ ಸುಮಾರು 30 ಸೆಂಟಿಮೀಟರ್, ಅಷ್ಟೇ. ಜೇಡ ಕಾಲು ಚಾಚುವುದು ಮುಖ್ಯವಾಗಿ ಮೈಯೊಳಗಿನ ದ್ರವದ ಒತ್ತಡದಿಂದ. ಆ ಏರ್ಪಾಟಿನಲ್ಲಿ ಆನೆ ಗಾತ್ರದ ಮೈ ಎತ್ತಲು ಹೋದರೆ ಎದ್ದಲ್ಲೇ ಕುಸಿಯುತ್ತದೆ. ಆದ್ದರಿಂದ ಬಚ್ಚಲುಮನೆಯ ಮೂಲೆಯ ಬಡ ಜೇಡದ ಮೇಲೆ ಪೊರಕೆ ಎತ್ತಬೇಡಿ ಮಾರಾಯರೇ. ಅದು ಕಾದು ಕುಳಿತಿರುವುದು ಸೊಳ್ಳೆಗೆ.