ಜೇನು ಮೇಷ್ಟ್ರ ಸಕ್ಕರೆ ಮೂಟೆ

ಮಾಸ್ತಿಯವರನ್ನು ಕೊಟ್ಟ ಮಾಲೂರು, ಡಿ.ವಿ.ಜಿ.ಯವರನ್ನು ಕೊಟ್ಟ ಮುಳಬಾಗಿಲು, ಮಾವಿಗೆ ಹೆಸರಾದ ಶ್ರೀನಿವಾಸಪುರ, ಇವಕ್ಕೆಲ್ಲ ಹಿರಿಯಣ್ಣನಂತಿರುವ ಕೋಲಾರ, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದನ್ನು ಹೊಕ್ಕರೂ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ, ಗಣಿತ ಹೇಳಿಸಿಕೊಳ್ಳುವ ಮಕ್ಕಳು ಇಲ್ಲವಾದಕಾರಣ ಅದನ್ನು ನೊಣಗಳ ಮೇಲೆ ಪ್ರಯೋಗಿಸುತ್ತಿರುವ ಮಹನೀಯರೊಬ್ಬರು ಕಣ್ಣಿಗೆ ಬೀಳದಿರುವುದಿಲ್ಲ. ಊರು ಅವರನ್ನು ಜೇನು ಮೇಷ್ಟ್ರು ಎಂದು ಕರೆಯುತ್ತದೆ. ಮದುವೆಯ ಕರೆಯೋಲೆಗಳ ಬೆನ್ನೇ ಅವರ ಲೆಕ್ಕದ ಪುಸ್ತಕ. ಒಂದು ಕುಟುಂಬವನ್ನು ಪಾಲು ಮಾಡಿದರೆ ಎರಡು. ಈಗಿನ 10 ಪೆಟ್ಟಿಗೆ ಬರುವ ವರ್ಷ 20, ಅದರಾಚೆಗೆ 40, ಏಳನೆಯ ವರ್ಷಕ್ಕೆ 1,280. ಈ ಗುಣಾಕಾರದಲ್ಲಿ ದೋಷವೆಣಿಸಲು ಯಾರಿಂದಲೂ ಸಾಧ್ಯವಿಲ್ಲ. ಏಳು ವರ್ಷ ಕಳೆದ ಮೇಲೆಯೂ ಹಿತ್ತಿಲಿನಲ್ಲಿ ಹನ್ನೊಂದೇ ಪೆಟ್ಟಿಗೆಗಳಿದ್ದರೆ, ಅದು ತುಡುವೆ ಜೇನಿನ ಅವಿದ್ಯೆಯೇ ಹೊರತು ಮೇಷ್ಟ್ರ ತಪ್ಪಲ್ಲ.

ಅವರ ಪಂಚಾಂಗದಲ್ಲಿ ತಿಥಿ ನಕ್ಷತ್ರಗಳಿಗೆ ಎಡೆಯಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾದರೆ ದೀಪಾವಳಿ ಸಮೀಪಿಸಿತೆಂದೂ, ಹೊಂಗೆಯ ಹೂವು ರಸ್ತೆಯ ಮೇಲೆ ಅರಳು ಚೆಲ್ಲಿದಂತೆ ಉದುರಿದರೆ ಯುಗಾದಿಯ ಕಾಲವೆಂದೂ, ಹುಣಿಸೆ ಹೂವಾದರೆ ಇನ್ನು ಎರಿ ಹಿಂಡಿ ಮುಗಿಸಿ ಮಳೆಗಾಲಕ್ಕೆ ಅಣಿಯಾಗಬೇಕೆಂದೂ ಅವರು ತಿಳಿಯುತ್ತಾರೆ. ದಕ್ಷಿಣ ದೇಶದ ತುಡುವೆ ಕುಟುಂಬಗಳನ್ನು ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ನಿರ್ನಾಮ ಮಾಡಿದ್ದು 1991-92ರಲ್ಲಿ. ನಮ್ಮ ಹಿರಿಯರು ಪ್ಲೇಗಿನಿಂದ ವಯಸ್ಸು ಎಣಿಸುತ್ತಿದ್ದಂತೆ ಮೇಷ್ಟ್ರು, "ನಮ್ಮ ಎರಡನೆಯವನು ಹುಟ್ಟಿದ್ದು ಮರಿಗಳು ಚೀಲದಂತೆ ನೀರು ತುಂಬಿ ಸತ್ತ ವರ್ಷ" ಎನ್ನುತ್ತಾರೆ. ಎರಡನೆಯವನಿಗೆ ಈ ಉಪಮಾನ ಹಿಡಿಸಿಲ್ಲ. ಸ್ವಂತ ತಂಗಿಯ ಮಗಳ ಧಾರೆಯ ಹೊತ್ತಿಗೆ, ಛತ್ರದ ಹಿಂದಿನ ಬೇವಿನ ಕೊಂಬೆಗೆ ಹಿಂಡೊಂದು ಬಂದು ಕೂತಿತೆಂದು ಕೇಳಿ, ವರನ ಕಾಶೀಯಾತ್ರೆಯ ಕೊಡೆಯನ್ನೇ ತಲೆಕೆಳಗಾಗಿ ಹಿಡಿದು ಹೊರಟುಹೋದವರಿವರು.

ಮಾಘ ಮಾಸದಲ್ಲಿ ಅವರು ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬಿಡಾರ ಹೂಡುವರು. ಮಾವಿನ ಹೂವಿಗೆ ಜೇನಿಗಿಂತ ಇತರ ನೊಣಗಳೇ ಹೆಚ್ಚು ಮುತ್ತುತ್ತವೆಂಬುದು ಅವರಿಗೆ ಗೊತ್ತು. ಆದರೂ ತೋಪಿನ ಯಜಮಾನನೆದುರು ಪರಾಗಸ್ಪರ್ಶದ ಮಹಿಮೆಯನ್ನು ಹರಿಕಥೆಯಂತೆ ವಿಸ್ತರಿಸುವರು. ಆತ ತಲೆದೂಗಿ, ಕಡೆಗೆ, "ಮೇಷ್ಟ್ರೇ, ಜಿಗಿಹುಳಕ್ಕೆ ನಿನ್ನೆ ಔಷಧಿ ಹೊಡೆಸ್ಬಿಟ್ಟೆ, ತೊಂದ್ರೆ ಇಲ್ಲ ತಾನೆ?" ಎಂದು ವಿನಯದಿಂದ ಕೇಳುವನು. ವಿಷಕ್ಕೆ ಔಷಧಿಯೆಂದು ಹೆಸರಿಟ್ಟ ನಮ್ಮ ಜನದ ಸೌಜನ್ಯವನ್ನು ಮೇಷ್ಟ್ರು ಅಂದು ರಾತ್ರಿಯೆಲ್ಲ ನೆನೆಯುತ್ತ, ಬಾಗಿಲು ಮುಚ್ಚಿದ ಪೆಟ್ಟಿಗೆಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಮಾಲೂರಿನ ನೀಲಗಿರಿ ತೋಪಿನ ಕಡೆ ಹೊರಡುವರು.

ಆದರೆ ಅವರ ನಿಜವಾದ ಪರೀಕ್ಷಾಕಾಲ ಆಷಾಢ. ಗಾಳಿ ಬೀಸುತ್ತದೆ, ಹೂವಿಲ್ಲ, ಸಂಸಾರದ ಕೋಣೆಯಲ್ಲಿ ಕೂಡಿಟ್ಟದ್ದು ತೀರುತ್ತ ಬರುತ್ತದೆ. ಸಕ್ಕರೆಪಾಕವನ್ನು ಇಡದಿದ್ದರೆ ನೊಣಗಳು ಒಂದು ಬೆಳಗ್ಗೆ ಖಾಲಿ ಎರಿಯನ್ನು ಮೇಣದ ಹುಳುಗಳಿಗೆ ಒಪ್ಪಿಸಿ ಎದ್ದುಹೋಗುವುವು. ಅದನ್ನು ಹಗಲಿನಲ್ಲಿ ಇಟ್ಟರೆ ವಾಸನೆ ಹಿಡಿದು ಪಕ್ಕದ ಪೆಟ್ಟಿಗೆಯವು ಲೂಟಿಗೆ ಬರುತ್ತವೆ. ಆದ್ದರಿಂದ ಸೂರ್ಯಾಸ್ತವಾದ ಬಳಿಕವೇ ಇಡತಕ್ಕದ್ದು. ಶಾಸ್ತ್ರ ಇಷ್ಟೇ. ಆದರೆ ಊರಿನ ಕಣ್ಣಿಗೆ ಬೀಳುವುದು ಬೇರೆ: ಜೇನು ಮಾರುವ ಮನುಷ್ಯನೊಬ್ಬ ಕತ್ತಲಾದ ಮೇಲೆ ಸಕ್ಕರೆ ಮೂಟೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಆಚೀಚೆ ನೋಡುತ್ತ, ಹಿತ್ತಿಲ ಬಾಗಿಲಿನಿಂದ ಒಳಹೊಗುತ್ತಾನೆ, ಸ್ವಲ್ಪ ಹೊತ್ತಿಗೆ ಪಾಕ ಕುದಿಯುವ ಘಮ ಬೀದಿಗೆಲ್ಲ ಹರಡುತ್ತದೆ.

"ಮಳೆಗಾಲದಲ್ಲಿ ನಾನು ಜೇನು ತೆಗೆಯುವುದೇ ಇಲ್ಲವಯ್ಯಾ, ಇದು ಅವುಗಳ ಊಟ" ಎಂದು ಅವರು ಅರಳಿಕಟ್ಟೆಯಲ್ಲಿ ವಿವರಿಸಿದ್ದುಂಟು. "ಹೌದು ಸಾಮಿ, ಹೌದು" ಎಂದು ಕಟ್ಟೆಯವರೆಲ್ಲ ಏಕಕಂಠದಿಂದ ಒಪ್ಪಿದರು. ಅಷ್ಟು ಸುಲಭವಾದ ಒಪ್ಪಿಗೆಗಿಂತ ಕ್ರೂರವಾದುದು ಮತ್ತೊಂದಿಲ್ಲ.

ಪುಷ್ಯದ ಚಳಿಗೆ ಸೀಸೆಯ ತಳದಲ್ಲಿ ಜೇನು ಹರಳುಗಟ್ಟಿತೆಂದರೆ ಸಂಶಯಕ್ಕೆ ಮುದ್ರೆ ಬಿದ್ದಂತೆಯೇ. ಗಿರಾಕಿ ಸೀಸೆಯನ್ನು ಬೆಳಕಿಗೆ ಹಿಡಿದು, "ನೋಡಿ, ಸಕ್ಕರೆ" ಎನ್ನುವನು. ಹರಳುಗಟ್ಟುವುದು ಜೇನಿನಲ್ಲಿರುವ ಗ್ಲೂಕೋಸಿನ ಸಹಜಗುಣವೆಂದೂ, ಬಿಸಿನೀರಿನಲ್ಲಿ ಸೀಸೆಯನ್ನು ನಿಲ್ಲಿಸಿದರೆ ಕರಗುವುದೆಂದೂ ಮೇಷ್ಟ್ರು ಕಪ್ಪುಹಲಗೆಯೊಂದು ಬಿಟ್ಟು ಮಿಕ್ಕೆಲ್ಲ ಸಾಮಗ್ರಿಯಿಂದ ಪಾಠ ಮಾಡುವರು. ಗಿರಾಕಿ ಎಲ್ಲವನ್ನೂ ಕೇಳಿ, "ಅದು ಸರಿ, ನಾಯಿ ಮೂಸುತ್ತಾ?" ಎನ್ನುವನು.

ಕಳೆದ ಆಷಾಢದಲ್ಲಿ ನಾನು ಹೋದಾಗ ಅವರ ಮನೆಯಾಕೆ ಬೆಲ್ಲದ ಕಾಫಿ ತಂದಿಟ್ಟು, ಮನೆಯಲ್ಲಿ ಇದ್ದ ಸಕ್ಕರೆಯೆಲ್ಲ ಪೆಟ್ಟಿಗೆಗಳ ಪಾಲಾಯಿತೆಂದು ಸಂಕೋಚದಿಂದ ನುಡಿದರು. ಬೇಸಗೆಯಲ್ಲಿ ತೆಗೆದ ಹೊಂಗೆ ಜೇನಿನ ಕೊನೆಯ ಸೀಸೆಯನ್ನು ಮೇಷ್ಟ್ರು ಹಣ ಮುಟ್ಟದೆ ನನ್ನ ಕೈಗಿತ್ತರು. ಇಂಥ ಸತ್ಯವಂತನನ್ನು ಶಂಕಿಸುವ ಲೋಕದ ಅಲ್ಪತನವನ್ನು ಹಳಿಯುತ್ತ ನಾನು ಬಸ್ಸಿಳಿದು ಮನೆ ಸೇರಿ, ಸೀಸೆಯನ್ನು ನನ್ನಾಕೆಯ ಮುಂದಿಟ್ಟು, ಕಾಲು ತೊಳೆದು ಬರುವಷ್ಟರಲ್ಲಿ, ಆಕೆ ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿಯೊಂದನ್ನು ಗೀರಲು ಸಿದ್ಧಳಾಗಿ ನಿಂತಿದ್ದಳು. ಬೇಡವೆನ್ನಬಹುದಿತ್ತು. ನಾನು ಅವಳ ಪಕ್ಕಕ್ಕೆ ಹೋಗಿ, ಗಾಳಿ ತಗಲದಂತೆ ಕೈ ಅಡ್ಡ ಹಿಡಿದೆ.