ಹಸ್ತನಿರ್ಗಮ ಮೀಮಾಂಸೆ: ಕಾಶ್ಮೀರ ಕಣಿವೆಯ ಚಳಿಗಾಲದ ಒಂದು ವಾರ

ಚಳಿಯನ್ನು ಅಳೆಯಲು ಉಷ್ಣಮಾಪಕವನ್ನೇ ನೆಚ್ಚಿಕೊಂಡು ಬಂದಿರುವ ವಿದ್ವಾಂಸರು, ಆ ಗಾಜಿನ ನಳಿಗೆಗೆ ಬೆಳಗ್ಗೆ ಎದ್ದು ಮುಖ ತೊಳೆಯುವ ಕರ್ಮವಿಲ್ಲ ಎಂಬ ಸರಳ ಸಂಗತಿಯನ್ನು ಗಮನಿಸದೆ ಹೋಗಿದ್ದಾರೆ. ಕಾಶ್ಮೀರ ಕಣಿವೆಯಲ್ಲಿ ಡಿಸೆಂಬರ್ 21ಕ್ಕೆ ಆರಂಭವಾಗಿ ಜನವರಿಯ ಕೊನೆಯವರೆಗೆ ನಡೆಯುವ, ಸ್ಥಳೀಯರು ಚಿಲ್ಲಾಯಿ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿಯನ್ನೂ, ಅದರ ಬೆನ್ನಿಗೆ ಬರುವ ಇಪ್ಪತ್ತು ದಿನಗಳ ಚಿಲ್ಲಾಯಿ ಖುರ್ದ್ ಎಂಬ ಸಣ್ಣ ಚಳಿಯನ್ನೂ, ಹತ್ತು ದಿನಗಳ ಚಿಲ್ಲಾಯಿ ಬಚ್ಚಾ ಎಂಬ ಕೂಸುಚಳಿಯನ್ನೂ ಕುರಿತ ಚರ್ಚೆಗಳೆಲ್ಲ ಸೊನ್ನೆಯ ಕೆಳಗೆ ಎಷ್ಟು ಡಿಗ್ರಿ ಎಂಬಲ್ಲಿಗೆ ಬಂದು ನಿಲ್ಲುವುದರಿಂದ, ಆ ಹೊತ್ತಿನಲ್ಲಿ ಮನುಷ್ಯನ ಕೈ ಎಲ್ಲಿತ್ತು ಎಂಬ ಮೂಲಪ್ರಶ್ನೆ ಕೇಳುವವರಿಲ್ಲದೆ ಉಳಿದುಬಿಟ್ಟಿದೆ. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಇಷ್ಟು: ಅಂಗಿಯೊಳಗೆ ಬೆಚ್ಚಗಿರುವ ಕೈಯನ್ನು ಹೊರಗೆ ತೆಗೆಯಲು ಎಂಥ ಕಾರಣ ಸಾಕಾಗುವುದಿಲ್ಲವೋ ಅದೇ ಆ ದಿನದ ಚಳಿಯ ನಿಜವಾದ ಅಳತೆ. ಈ ವಾದಕ್ಕೆ ಹಸ್ತನಿರ್ಗಮ ಸಿದ್ಧಾಂತವೆಂದು ಹೆಸರಿಡಲಾಗಿದೆ.

ಸಿದ್ಧಾಂತವನ್ನು ಗ್ರಹಿಸಲು ಎರಡು ವಸ್ತುಗಳ ಪರಿಚಯ ಅಗತ್ಯ. ಫೆರನ್ ಎಂದರೆ ಹೆಗಲಿನಿಂದ ಮೊಣಕಾಲಿನ ಆಚೆಗೆ ಇಳಿಯುವ, ನಡುವಿನಲ್ಲಾಗಲಿ ಮತ್ತೆಲ್ಲಾಗಲಿ ಬಿಗಿತವೇ ಇಲ್ಲದ ಉಣ್ಣೆಯ ನಿಲುವಂಗಿ; ದರ್ಜಿ ಅದಕ್ಕೆ ಎರಡು ತೋಳುಗಳನ್ನು ಹೊಲಿದಿರುತ್ತಾನಾದರೂ ಚಿಲ್ಲಾಯಿ ಕಲಾನ್‌ನ ಮಟ್ಟಿಗೆ ಅವು ಬರಿಯ ಶಿಷ್ಟಾಚಾರ. ಕಾಂಗ್ಡಿ ಎಂದರೆ ಕಡ್ಡಿಗಳಿಂದ ಹೆಣೆದ, ಹಿಡಿಯುಳ್ಳ ಬುಟ್ಟಿಯಲ್ಲಿ ಕೂರಿಸಿದ ಮಣ್ಣಿನ ಕುಡಿಕೆ; ಉದುರಿದ ಚಿನಾರ್ ಎಲೆಗಳನ್ನು ಸುಟ್ಟು ಮಾಡಿಟ್ಟ ಇದ್ದಿಲನ್ನು ಅದರಲ್ಲಿ ತುಂಬಿ, ಮೇಲೆ ಕೆಂಡ ಹಾಕಿ, ಬೂದಿ ಮುಚ್ಚಿದರೆ ಅದು ಗಂಟೆಗಟ್ಟಲೆ ಕಾವು ಕೊಡುತ್ತದೆ. ಇದನ್ನು ಫೆರನ್ನಿನೊಳಗೆ ಹೊಟ್ಟೆಗೆ ಹತ್ತಿರ ಹಿಡಿದುಕೊಂಡವನು ಬೀದಿಯಲ್ಲಿ ನಡೆದು ಬರುವಾಗ ತೋಳುಗಳೆರಡೂ ಖಾಲಿಯಾಗಿ ಜೋತಾಡುತ್ತಿರುತ್ತವೆ, ಎದೆಯ ಕೆಳಗಿನ ಉಬ್ಬು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸರಿಯುತ್ತಿರುತ್ತದೆ, ಬೂದಿ ಕೆದಕಿದಾಗ ಕೊರಳ ಸಂದಿನಿಂದ ಸಣ್ಣಗೆ ಹೊಗೆಯ ಘಾಟು ಮೇಲೇಳುತ್ತದೆ. ಈ ಬೆಂಕಿಯ ಸಂಗ ವರ್ಷಾನುಗಟ್ಟಲೆ ಸಾಗಿದರೆ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಕ್ಯಾನ್ಸರ್ ಬರಬಹುದೆಂದು ವೈದ್ಯರು 19ನೆಯ ಶತಮಾನದಿಂದಲೇ ದಾಖಲಿಸುತ್ತ ಬಂದಿದ್ದಾರೆ. ಇದನ್ನು ಯಾವ ಸಿದ್ಧಾಂತವೂ ಹಗುರವಾಗಿ ಕಾಣತಕ್ಕದ್ದಲ್ಲ.

ಕೈಯ ಸ್ಥಿತಿಗಳು ಮೂರು. ಎರಡೂ ಕೈಗಳು ಒಳಗಿದ್ದರೆ ಪೂರ್ಣಾಂತರ್ಗತ ಸ್ಥಿತಿ. ಒಂದು ಕಾಂಗ್ಡಿಯನ್ನು ಕಾಯುತ್ತ ಇನ್ನೊಂದು ಲೋಕವ್ಯವಹಾರಕ್ಕೆ ಹೊರಬಂದಿದ್ದರೆ ಏಕಹಸ್ತ ನಿರ್ಗಮ. ಎರಡೂ ಹೊರಬಂದರೆ ದ್ವಿಹಸ್ತ ನಿರ್ಗಮ. ಬಿಸಿ ಚಹಾದ ಬಟ್ಟಲನ್ನು ತಬ್ಬಿ ಹಿಡಿದಿರುವ ಕೈಗಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದರಲ್ಲಿ ಮತಭೇದಕ್ಕೆ ಅವಕಾಶವಿದೆಯಾದರೂ, ಉಪ್ಪು ಮತ್ತು ಸೋಡಾ ಬೆರೆತ ಗುಲಾಬಿ ಬಣ್ಣದ ನೂನ್ ಚಾಯ್ ಇರುವಷ್ಟು ಹೊತ್ತು ಬಟ್ಟಲೂ ಒಂದು ಕಾಂಗ್ಡಿಯೇ ಆದ್ದರಿಂದ, ಆ ಕೈಗಳು ತಾಂತ್ರಿಕವಾಗಿ ಇನ್ನೂ ಒಳಗೇ ಇವೆ ಎಂಬುದು ಇಲ್ಲಿನ ನಿರ್ಣಯ. ಮಾಪನದ ಖಚಿತತೆಗೆ ಕರ್ನಾಟಕದ ಒಂದು ನಿದರ್ಶನವನ್ನು ಕೊಡಬಹುದು. ಬೆಂಗಳೂರಿನಲ್ಲಿ ಡಿಸೆಂಬರ್ ಬಂದೊಡನೆ ಮಂಕಿ ಕ್ಯಾಪು ಏರಿಸಿ, ಮಫ್ಲರು ಸುತ್ತಿ ಲಾಲ್‌ಬಾಗಿನಲ್ಲಿ ವಾಯುವಿಹಾರ ಮಾಡುವ ಹಿರಿಯರು ‘ಈ ಸಲ ಚಳಿ ವಿಪರೀತ ಕಣ್ರೀ’ ಎನ್ನುವಾಗ ಎರಡೂ ಕೈಗಳನ್ನು ಬೀಸುತ್ತಲೇ ಇರುತ್ತಾರೆ. ಆ ಊರಿನ ದಾಖಲೆಯ ಕನಿಷ್ಠ ತಾಪಮಾನವಾದ, 1884ರ ಜನವರಿಯ 7.8 ಡಿಗ್ರಿಯನ್ನು ಸಹ ಈ ಸಿದ್ಧಾಂತ ಚಳಿಯೆಂದು ಒಪ್ಪಲು ಹಿಂಜರಿಯುತ್ತದೆ.

ಇನ್ನು ವಾರದ ವಿಚಾರ. ಚಿಲ್ಲಾಯಿ ಕಲಾನ್‌ನ ವಾರವೊಂದು ಸಾಮಾನ್ಯವಾಗಿ ನಿರಭ್ರ ಆಕಾಶದೊಂದಿಗೆ ಆರಂಭವಾಗುತ್ತದೆ, ಮತ್ತು ಪ್ರವಾಸಿಗಳು ‘ಅಬ್ಬಾ, ಎಂಥ ಚೆಂದದ ಹವೆ’ ಎಂದು ಉದ್ಗರಿಸುವ ಈ ದಿನಗಳೇ ಅತ್ಯಂತ ಕ್ರೂರವಾದವು. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಅಡೆತಡೆಯಿಲ್ಲದೆ ಆಕಾಶಕ್ಕೆ ಸೋರಿಹೋಗುತ್ತದೆ; ಪೀರ್ ಪಂಜಾಲ್ ಮತ್ತು ಹಿಮಾಲಯದ ಮುಖ್ಯಶ್ರೇಣಿಯ ಇಳಿಜಾರುಗಳಲ್ಲಿ ತಣಿದ ಗಾಳಿ ಭಾರವಾದ್ದರಿಂದ ಜಾರಿ ಜಾರಿ ತಗ್ಗಿಗೆ ಬಂದು ಕೂರುತ್ತದೆ; ಮೇಲೆ ಬೆಚ್ಚನೆಯ ಪದರ, ಕೆಳಗೆ ತಣ್ಣನೆಯ ಪದರ ಎಂಬ ಈ ತಲೆಕೆಳಗಾದ ಏರ್ಪಾಟಿಗೆ ಹವಾಮಾನಶಾಸ್ತ್ರಜ್ಞರು ತಾಪವಿಲೋಮ ಎನ್ನುತ್ತಾರೆ. ಇದರಿಂದಾಗಿ ಸುಮಾರು 1,600 ಮೀಟರ್ ಎತ್ತರದ ಶ್ರೀನಗರವು ಕೆಲವು ರಾತ್ರಿ ತನಗಿಂತ ಸಾವಿರ ಮೀಟರ್ ಮೇಲಿರುವ ಗುಲ್ಮಾರ್ಗ್‌ಗಿಂತಲೂ ಹೆಚ್ಚು ನಡುಗುತ್ತದೆ. 1893ರ ಜನವರಿಯಲ್ಲಿ ಮೈನಸ್ 14.4ನ್ನೂ ಕಂಡಿರುವ ಶ್ರೀನಗರವನ್ನು 2024ರಲ್ಲಿ ಚಿಲ್ಲಾಯಿ ಕಲಾನ್ ತನ್ನ ಪಂಚಾಂಗಕ್ಕೆ ಒಂದು ಗಳಿಗೆಯೂ ತಪ್ಪದೆ ಡಿಸೆಂಬರ್ 21ರ ಬೆಳಗಿಗೆ ಮೈನಸ್ 8.5ಕ್ಕೆ ಇಳಿಸಿತು. ಸರ್ಕಾರದ ಯಾವ ಯೋಜನೆಗೂ ಇಷ್ಟು ಸಮಯಪಾಲನೆ ಸಾಧ್ಯವಾಗಿಲ್ಲ.

ಈ ಬೆಳಗುಗಳ ಅಧಿದೇವತೆ ನಲ್ಲಿ. ರಾತ್ರಿ ಮಲಗುವಾಗ ನೀರು ಕೊಡುತ್ತಿದ್ದ ನಲ್ಲಿ ಬೆಳಗಾಗುವಷ್ಟರಲ್ಲಿ ಕೈಕೊಟ್ಟಿರುತ್ತದೆ. ತಿರುಪಿದರೆ ಒಳಗಿನಿಂದ ಒಂದು ನಿಟ್ಟುಸಿರೂ ಹೊರಡುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಕೊಳವೆ ಸೀಳಿಹೋಗುವ ಅಪಾಯವೂ ಉಂಟು. ಮನೆಯ ಯಜಮಾನ ಆಗ ಅಂಗಳಕ್ಕೆ ಬಂದು, ಹಳೆಯ ದಿನಪತ್ರಿಕೆಯನ್ನು ಸುರುಳಿ ಸುತ್ತಿ, ಬೆಂಕಿ ಹಚ್ಚಿ, ಕೊಳವೆಯ ಬುಡದಿಂದ ತುದಿಯವರೆಗೆ ಆರತಿ ಎತ್ತುತ್ತಾನೆ. ಇದು ಇಡೀ ವಾರದ ಮೊದಲ ದ್ವಿಹಸ್ತ ನಿರ್ಗಮ. ಉರಿ ಬೆರಳಿಗೆ ತಗಲುವವರೆಗೂ ಆತ ಕಾಗದವನ್ನು ಬಿಡುವುದಿಲ್ಲ, ತಗಲಿದ ಮೇಲೂ ಸ್ವಲ್ಪ ಹೊತ್ತು ಬಿಡುವುದಿಲ್ಲ. ನಲ್ಲಿ ಒಮ್ಮೆ ಕೆಮ್ಮಿ, ಸೂಜಿಗಾತ್ರದ ಮಂಜುಗಡ್ಡೆಯೊಂದನ್ನು ಉಗುಳಿ, ನೂಲಿನಂತೆ ನೀರು ಬಿಡತೊಡಗಿದಾಗ ಮನೆಯೊಳಗಿನಿಂದ ಒಬ್ಬೊಬ್ಬರಾಗಿ ಕೊಡ, ತಪ್ಪಲೆಗಳೊಂದಿಗೆ ಹೊರಬರುತ್ತಾರೆ. ನಲ್ಲಿಯ ಮುಂದೆ ನೆರೆದ ಆ ಕೈಗಳೆಲ್ಲ ತೋಳಿನಿಂದಲೇ ಹೊರಬಂದಿರುವುದರಿಂದ, ದರ್ಜಿಯ ಶ್ರಮ ವ್ಯರ್ಥವಾಗಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಎರಡನೆಯ ದರ್ಜೆಯ ನಿರ್ಗಮಕಾರಣ ಹರೀಸಾ. ಕುರಿಮಾಂಸವನ್ನು ಅಕ್ಕಿ ಮತ್ತು ಮಸಾಲೆಯೊಂದಿಗೆ, ಒಲೆಯಲ್ಲಿ ಹೂತ ಮಣ್ಣಿನ ಹಂಡೆಯಲ್ಲಿ ರಾತ್ರಿಯಿಡೀ ಬೇಯಿಸಿ, ಮೂಳೆ ಆರಿಸಿ, ಮರದ ಒನಕೆಯಿಂದ ಜಜ್ಜಿ ಜಜ್ಜಿ ಅಂಟು ಬರಿಸಿದ ಈ ಖಾದ್ಯವನ್ನು ಹಳೆ ಶ್ರೀನಗರದ ಆಲಿ ಕದಲ್ ಸುತ್ತಿನ ಅಂಗಡಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಬಡಿಸುತ್ತಾರೆ. ಮೇಲೆ ಸುಯ್ಯೆಂದು ಕಾದ ಎಣ್ಣೆ ಸುರಿದು, ತಂದೂರಿನ ರೊಟ್ಟಿಯೊಂದಿಗೆ ಕೊಟ್ಟಾಗ ತಿನ್ನಲು ಒಂದೇ ಕೈ ಸಾಕು, ಇನ್ನೊಂದು ಕಾಂಗ್ಡಿಯನ್ನು ಬಿಡಬೇಕಾಗಿಲ್ಲ. ಮಾಂಸಕ್ಕೆ ಹೋಗದವರ ಮನೆಯಲ್ಲಿ ಬದನೆ, ಸೋರೆ, ಟೊಮ್ಯಾಟೊಗಳನ್ನು ಬೇಸಿಗೆಯಲ್ಲೇ ಹೆಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಒಣಹಾಕಿಟ್ಟ ಹೋಖ್ ಸ್ಯೂನ್ ಎಂಬ ಒಣ ತರಕಾರಿಯಿದೆ. ಸಿದ್ಧಾಂತದ ದೃಷ್ಟಿಯಲ್ಲಿ ಇದು ಬೇಸಿಗೆಯ ಹಸ್ತನಿರ್ಗಮವನ್ನೇ ಒಣಗಿಸಿ ಚಳಿಗಾಲಕ್ಕೆ ಕಾಪಿಡುವ ವಿಧಾನವಲ್ಲದೆ ಬೇರೇನಲ್ಲ.

ವಾರದ ನಡುವೆ ಮೋಡ ಕವಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಮೇಲ್‌ಸ್ತರದ ಪಶ್ಚಿಮ ಗಾಳಿಯ ಹೆಗಲೇರಿ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಈ ತೇವದ ಮಾರುತವ್ಯೂಹಕ್ಕೆ ಪಶ್ಚಿಮದ ಕ್ಷೋಭೆ ಎಂದು ಹೆಸರು. ಮೋಡವು ನೆಲದ ಕಾವನ್ನು ಹಿಡಿದಿಡುವುದರಿಂದ ಹಿಮ ಬೀಳುವ ರಾತ್ರಿ ಅದರ ಹಿಂದಿನ ನಿರ್ಮಲ ರಾತ್ರಿಗಿಂತ ಬೆಚ್ಚಗಿರುತ್ತದೆ. ಅಂದರೆ ಕ್ಯಾಲೆಂಡರುಗಳಲ್ಲಿ ಚಳಿಯ ಚಿತ್ರವೆಂದು ಅಚ್ಚಾಗುವುದೆಲ್ಲ ವಾಸ್ತವದಲ್ಲಿ ಸೆಕೆಯ ಚಿತ್ರ. ಆದರೆ ಸಿದ್ಧಾಂತಕ್ಕೆ ಮುಖ್ಯವಾದದ್ದು ಹೊಸ ಹಿಮದ ದಿನದ ಪಂದ್ಯ. ವರ್ಷದ ಮೊದಲ ಹಿಮ ಬಿದ್ದಾಗ ‘ನವ್ ಶೀನ್ ಮುಬಾರಕ್’ ಎಂದು ಶುಭ ಕೋರುವುದು ವಾಡಿಕೆ. ಅದರ ಜೊತೆಗೆ, ಹಿಡಿ ಹಿಮವನ್ನು ಪೊಟ್ಟಣವಾಗಿ ಕಟ್ಟಿ, ಮಿಠಾಯಿಯೋ ಮತ್ತೇನೋ ಎಂಬಂತೆ ನಂಟರಿಗೋ ಗೆಳೆಯರಿಗೋ ಒಪ್ಪಿಸುವ ಹಳೆಯ ಆಟವೊಂದಿದೆ. ಮೋಸಹೋಗಿ ಸ್ವೀಕರಿಸಿದವನು ಸೋತಂತೆ, ಔತಣ ಹಾಕಿಸಬೇಕು. ಜಾನಪದ ವಿದ್ವಾಂಸರು ಇದನ್ನು ಹಬ್ಬದ ಸಂಭ್ರಮವೆಂದು ತೇಲಿಸಿಬಿಡುತ್ತಾರೆ. ಆದರೆ ಸೋತವನ ತಪ್ಪಾದರೂ ಏನು? ಕಾರಣವನ್ನು ಸಾಕಷ್ಟು ಪರಿಶೀಲಿಸದೆ ಫೆರನ್ನಿನಿಂದ ಕೈ ಹೊರತೆಗೆದದ್ದು! ಅವಸರದ ನಿರ್ಗಮಕ್ಕೆ ಒಂದು ಸಮಾಜ ವಿಧಿಸಬಹುದಾದ ದಂಡ ಇದಕ್ಕಿಂತ ನ್ಯಾಯವಾಗಿರಲಾರದು. ಔತಣದ ದಿನ ನೆರೆದವರೆಲ್ಲರ ಕೈ ಹೊರಬರುವಂತೆ ಮಾಡುವ ಖರ್ಚು ಅವನ ತಲೆಗೇ ಬೀಳುತ್ತದೆ.

ಗುರುವಾರದ ಬಗ್ಗೆ ಹೇಳತಕ್ಕದ್ದೇನಿಲ್ಲ; ಅದು ಬುಧವಾರದಂತೆಯೇ ಇರುತ್ತದೆ. ಶುಕ್ರವಾರ ಸೂರಿನ ಹಿಮ ಜಾರಿ ಬಾಗಿಲಿಗೆ ಅಡ್ಡ ಬೀಳುತ್ತದೆ. ಶನಿವಾರದ ಕಚೇರಿಗಳ ವಿಷಯದಲ್ಲಿ ಮಾತ್ರ ಒಂದು ಆಡಳಿತಾತ್ಮಕ ಪ್ರಮಾಣ ಲಭ್ಯವಿದೆ. 2018ರ ಡಿಸೆಂಬರಿನಲ್ಲಿ ಉತ್ತರ ಕಾಶ್ಮೀರದ ಶಿಕ್ಷಣ ಇಲಾಖೆಯ ಕಚೇರಿಯೊಂದು ಫೆರನ್ ತೊಟ್ಟು ಒಳಬರಕೂಡದೆಂದು ಸುತ್ತೋಲೆ ಹೊರಡಿಸಿತು. ಕಣಿವೆಯಲ್ಲೆಲ್ಲ ಗದ್ದಲವೆದ್ದು ಅದನ್ನು ಹಿಂಪಡೆಯಬೇಕಾಯಿತು. ಹೊರಡಿಸುವುದಕ್ಕೂ ಹಿಂಪಡೆಯುವುದಕ್ಕೂ ಒಂದೊಂದು ರುಜು ಬೇಕು, ರುಜುವಿಗೆ ಕೈ ಬೇಕು. ಹಾಗಾಗಿ ಆ ತಿಂಗಳಲ್ಲಿ ಸದರಿ ಕಚೇರಿಯಿಂದ ಎರಡು ನಿರ್ಗಮಗಳಾದರೂ ಆಗಿರಲೇಬೇಕೆಂದು ಯಾವ ಸಂಶಯವೂ ಇಲ್ಲದೆ ಊಹಿಸಬಹುದು.

ಇಷ್ಟಕ್ಕೆ ಪೂರ್ವಪಕ್ಷಿಗಳು ಕೇಳಬಹುದು: ಇದೆಲ್ಲ ಇಂದಿನ ಮಾತಾಯಿತು, ಸಿದ್ಧಾಂತಕ್ಕೆ ಪ್ರಾಚೀನರ ಆಧಾರವೇನಾದರೂ ಉಂಟೇ? ಉಂಟು. ನೀಲಮತ ಪುರಾಣದ ಪ್ರಕಾರ ಒಂದು ಕಾಲದಲ್ಲಿ ಮನುಷ್ಯರು ಕಣಿವೆಯಲ್ಲಿ ಬೇಸಿಗೆಯ ಆರು ತಿಂಗಳು ಮಾತ್ರ ಇದ್ದು, ಚಳಿಗಾಲದ ಆರು ತಿಂಗಳು ಅದನ್ನು ಪಿಶಾಚರಿಗೆ ಬಿಟ್ಟು ಹೊರಡಬೇಕಿತ್ತು. ಚಂದ್ರದೇವನೆಂಬ ಮುದುಕ ಬ್ರಾಹ್ಮಣ ಹೋಗದೆ ಉಳಿದು, ಪಡಬಾರದ ಪಾಡು ಪಟ್ಟು, ನಾಗರಾಜ ನೀಲನಿಂದ ವರ ಪಡೆದ ಮೇಲೆ ವರ್ಷವಿಡೀ ನಿಲ್ಲುವುದು ಸಾಧ್ಯವಾಯಿತು. ಅದೇ ಪುರಾಣ ಹೊಸ ಹಿಮ ಬಿದ್ದ ದಿನ ಹಿಮವಂತನನ್ನು ಪೂಜಿಸಿ ಹೊಸ ಮದ್ಯ ಕುಡಿಯಬೇಕೆಂದೂ ವಿಧಿಸುತ್ತದೆ. ಪಾತ್ರೆ ಎತ್ತುವುದಕ್ಕೆ ಕೈ ಹೊರಬರಬೇಕಾದ್ದರಿಂದ ಶಾಸ್ತ್ರಕಾರರು ಏಕಹಸ್ತ ನಿರ್ಗಮಕ್ಕೆ ತಕ್ಕ ಕಾರಣವನ್ನು ಬಲ್ಲವರಾಗಿದ್ದರೆಂಬುದು ಸ್ಪಷ್ಟ. ಚಂದ್ರದೇವನ ವರವನ್ನು ಎಲ್ಲರೂ ನಂಬಲಿಲ್ಲ. ಮಹಾರಾಜ ರಣಬೀರ್ ಸಿಂಗ್ 1872ರಲ್ಲಿ ಆರಂಭಿಸಿದ ಏರ್ಪಾಟಿನಂತೆ ಸರ್ಕಾರವೇ ಕಡತಗಳ ಪೆಟ್ಟಿಗೆ ಹೊತ್ತು ಚಳಿಗಾಲದ ಆರು ತಿಂಗಳು ಜಮ್ಮುವಿಗೆ ಹೋಗುವುದು ರೂಢಿಯಾಯಿತು. 2021ರಲ್ಲಿ ನಿಂತ ಈ ದರ್ಬಾರ್ ಸ್ಥಳಾಂತರ 2025ರಲ್ಲಿ ಮತ್ತೆ ಶುರುವಾಗಿದೆ. ಸರ್ಕಾರ ಹೊರಟ ಮೇಲೆ ಕಣಿವೆಯನ್ನು ಯಾರು ವಹಿಸಿಕೊಳ್ಳುತ್ತಾರೆಂಬುದನ್ನು ಪುರಾಣ ಮೊದಲೇ ಹೇಳಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕನ್ನಡ ನಾಡಿಗೆ ಸಂಬಂಧಿಸಿದ ಪ್ರಮಾಣವಂತೂ ಇನ್ನೂ ಪ್ರಬಲವಾದದ್ದು. ಶ್ರೀನಗರದ ಬಳಿಯ ಖೊನಮುಖದಲ್ಲಿ ಹುಟ್ಟಿದ ಬಿಲ್ಹಣ ಕವಿ 11ನೆಯ ಶತಮಾನದಲ್ಲಿ ಊರು ಬಿಟ್ಟು, ಮಥುರೆ, ಕನೌಜ್, ಕಾಶಿಗಳನ್ನು ಸುತ್ತಿ, ಕೊನೆಗೆ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ ವಿದ್ಯಾಪತಿ ಎನಿಸಿಕೊಂಡು, 18 ಸರ್ಗಗಳ ವಿಕ್ರಮಾಂಕದೇವಚರಿತವನ್ನು ಬರೆದ. ರಾಜಾಶ್ರಯಕ್ಕಾಗಿ ಬಂದನೆಂದು ಸಾಹಿತ್ಯ ಚರಿತ್ರೆಕಾರರು ಹೇಳುತ್ತಾರೆ. ಆದರೆ ಕವಿಗೆ ರಾಜನಿಗಿಂತ ಮೊದಲು ಬೇಕಾದದ್ದು ಕೈ. ವರ್ಷದ ಹನ್ನೆರಡು ತಿಂಗಳೂ ಅದನ್ನು ಹೊರಗಿಟ್ಟುಕೊಳ್ಳಬಹುದಾದ ಸ್ಥಳ ಕಲ್ಯಾಣ. ಹದಿನೆಂಟನೆಯ ಸರ್ಗದಲ್ಲಿ ಆತ ತವರನ್ನು ಬಾಯ್ತುಂಬ ಹೊಗಳುತ್ತಾನೆ ನಿಜ, ಆದರೆ ಆ ಹೊಗಳಿಕೆ ಬರೆದದ್ದು ದೂರದ ಬಿಸಿಲಿನಲ್ಲಿ ಕುಳಿತು. ಕಣಿವೆಯಲ್ಲೇ ಉಳಿದ ಕಲ್ಹಣ ಎಂಟು ಸಾವಿರಕ್ಕೆ ಸಮೀಪದ ಶ್ಲೋಕಗಳ ರಾಜತರಂಗಿಣಿಯನ್ನು ಬರೆಯಲಿಲ್ಲವೇ ಎಂದು ಆಕ್ಷೇಪಿಸುವವರು, ಅದರ ರಚನಾಕಾಲ 1148 ಮತ್ತು 1149 ಎಂಬುದನ್ನೂ, ಎರಡು ವರ್ಷಗಳಲ್ಲಿ ಎರಡು ಬೇಸಿಗೆಗಳು ಇರುತ್ತವೆಂಬುದನ್ನೂ ಮರೆಯುತ್ತಾರೆ. ಆಗಿನ್ನೂ ಫೆರನ್ ಇತ್ತೇ ಎಂಬ ಮತ್ತೊಂದು ಆಕ್ಷೇಪ ತೀರ ಕ್ಷುಲ್ಲಕ. ಕೈ ಒಳಸೇರಲು ಕಂಬಳಿ ಸಾಕು.

ಬಿಲ್ಹಣ ದಕ್ಷಿಣಕ್ಕೆ ಬಂದ ಹಾಗೆಯೇ ದಕ್ಷಿಣವೂ ಕಣಿವೆಗೆ ಹೋದದ್ದುಂಟು. 1089ರಿಂದ 1101ರವರೆಗೆ ಆಳಿದ ಕಾಶ್ಮೀರದ ಹರ್ಷರಾಜನಿಗೆ ಕರ್ಣಾಟದ ವೇಷಭೂಷಣಗಳ ಹುಚ್ಚು ಹಿಡಿದು, ಆತನ ಆಸ್ಥಾನಿಕರು ಹಣೆಗೆ ದಪ್ಪನೆಯ ಚಂದನ ಬಳಿದುಕೊಂಡು ಓಡಾಡಿದರೆಂದೂ, ಕರ್ಣಾಟದ ಮಾದರಿಯ ನಾಣ್ಯವನ್ನು ಆತ ಚಲಾವಣೆಗೆ ತಂದನೆಂದೂ, ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರಪಟ ನೋಡಿಯೇ ಮರುಳಾದನೆಂದೂ ಕಲ್ಹಣ ಹೇಳುತ್ತಾನೆ. ಕಲ್ಯಾಣದ ಬೇಗೆಗೆ ತಂಪೆಂದು ಬಳಿಯುವ ಚಂದನವನ್ನು ಚಿಲ್ಲಾಯಿ ಕಲಾನ್‌ನ ಬೆಳಗಿನಲ್ಲಿ ಹಣೆಗೆ ಹಚ್ಚಿಕೊಳ್ಳಬೇಕಾಗಿ ಬಂದ ಮಂತ್ರಿಗಳ ಪಾಡನ್ನು ಊಹಿಸುವುದು ಕಷ್ಟವಲ್ಲ: ತೇಯುವುದಕ್ಕೆ ಎರಡು ಕೈ, ನೀರಿಗೆ ಹೆಪ್ಪುಗಟ್ಟಿದ ಕೊಡ, ಹಚ್ಚಿದ ಮೇಲೆ ಒಣಗುವ ಬದಲು ಗಟ್ಟಿಯಾಗುವ ಗಂಧ. ನಾಣ್ಯದ ಕತೆ ಇದಕ್ಕಿಂತ ಗಂಭೀರವಾದದ್ದು. ಹರ್ಷನ ಬೊಕ್ಕಸ ಬರಿದಾಗಿ ಆತ ದೇವಾಲಯಗಳ ವಿಗ್ರಹಗಳಿಗೆ ಕೈಹಾಕುವ ಮಟ್ಟಕ್ಕಿಳಿದದ್ದಕ್ಕೆ ಚರಿತ್ರೆಕಾರರು ದುಂದುವೆಚ್ಚವನ್ನು ಕಾರಣವಾಗಿ ಕೊಡುತ್ತಾರೆ. ನಾಣ್ಯ ಎಷ್ಟೇ ಚೆಂದವಿದ್ದರೂ ಅದನ್ನು ಎಣಿಸಿ ಕೊಡಲು ಚಳಿಗಾಲದಲ್ಲಿ ಪ್ರಜೆಗಳ ಕೈ ಹೊರಬಾರದೆ ಕಂದಾಯವೆಲ್ಲ ಬಾಕಿ ಬಿದ್ದಿರಬೇಕೆಂಬ ಸರಳ ವಿವರಣೆ ಅವರಿಗೆ ಹೊಳೆದಿಲ್ಲ. ದಂಗೆಯೆದ್ದವರು ಹರ್ಷನನ್ನು ಕೊಂದದ್ದು ಭಾದ್ರಪದ ಮಾಸದಲ್ಲಿ; ಆ ತಿಂಗಳು ಕಣಿವೆಯಲ್ಲಿ ಪ್ರತಿಯೊಬ್ಬರ ಎರಡೂ ಕೈಗಳು ಹೊರಗಿರುತ್ತವೆ.